ಒಂದೇ ಪೆಟ್ಟಿಗೆಯಲ್ಲಿ ಎರಡು ರಕ್ತ

ದ್ವಾನಕ್ಕನ ಮೂಗಿಗೆ ಹೆದರಿ ಆ ಊರಿನ ನೊಣಗಳೆಲ್ಲ ಕೆಂಪು ನದಿ ದಾಟಿ ಆಚೆ ದಡಕ್ಕೆ ವಲಸೆ ಹೋಗಿದ್ದವು. ಇದನ್ನು ನಂಬದಿದ್ದರೂ ನಡೆಯುತ್ತದೆ. ಆದರೆ ಆಸ್ಪತ್ರೆಯ ಗೇಟಿನಲ್ಲಿ ಸೈಕಲ್ಲಿನಿಂದ ಇಳಿಯುವ ಮೊದಲೇ, ಹೆರಿಗೆ ವಾರ್ಡಿನಲ್ಲಿ ಯಾರ ಅತ್ತೆ ಸಿಗಡಿ ಗೊಜ್ಜಿನ ಜಾಡಿ ಬಿಚ್ಚಿದ್ದಾಳೆಂದು ಅವಳು ಹೇಳುತ್ತಿದ್ದುದು ಮಾತ್ರ ನಿಜ. ಅದಕ್ಕೆ ಇಡೀ ವಾರ್ಡೇ ಸಾಕ್ಷಿ.

ಇಂಥ ಮೂಗಿನವಳಿಗೆ ದೇವರು ಕೊಟ್ಟ ಕೆಲಸ, ರಕ್ತದ ಕೋಣೆ ಕಾಯುವುದು. ಕೋಣೆಯಲ್ಲಿ ಒಂದು ಫ್ರಿಜ್. ಮನೆಯ ಫ್ರಿಜ್ಜಿನಂಥದ್ದಲ್ಲ, ಗಾಜಿನ ಬಾಗಿಲಿನದು. ನೆತ್ತಿಯ ಮೇಲೆ ಒಳಗಿನ ತಂಪನ್ನು ತೋರಿಸುವ ಕೆಂಪಂಕಿ. ಅಂಕಿ ಆರು ಡಿಗ್ರಿ ದಾಟಿ ರಕ್ತ ಕೆಡುವಂತಾಯಿತೋ, ಹಂದಿ ಕೊಯ್ದಂತೆ ಕಿರುಚುವ ಗಂಟೆ. ಕರೆಂಟು ಹೋದರೆ ಆಪರೇಷನ್ ಕೋಣೆಗೂ ಮೊದಲು ಜನರೇಟರು ಅದಕ್ಕೆ ಓಡುತ್ತಿತ್ತು. ಜೂನ್ ತಿಂಗಳ ಸೆಕೆಯಲ್ಲಿ ಹಲ್ಲಿಗಳು ಗೋಡೆಯಿಂದ ಬೆಂದು ಉದುರುವ ಆ ಊರಲ್ಲಿ ಎಂದೂ ಬೆವರದ ಪ್ರಾಣಿಯೆಂದರೆ ಆ ಫ್ರಿಜ್ ಒಂದೇ.

ಹಾಗಾಗಿ ಎಲ್ಲರ ಕಣ್ಣೂ ಅದರ ಮೇಲೆ. ಅದರೊಳಗಿಂದ ದ್ವಾನಕ್ಕ ಹೊರಗೆಸೆದ ಸಾಮಾನಿನಲ್ಲಿ ಒಂದು ಸಂತೆ ನಡೆಸಬಹುದಿತ್ತು: ಬಿಯರ್ ಕ್ಯಾನು, ಹುರಿದ ರೇಷ್ಮೆಹುಳು, ಒಳಗೆ ಮರಿ ಬಲಿತ ಬಾತುಮೊಟ್ಟೆ, ಒಮ್ಮೆ ಲ್ಯಾಬಿನವನ ಅಜ್ಜಿಯ ಹಲ್ಲುಸೆಟ್ಟು. ಒಂದೊಂದನ್ನೂ ಎರಡೇ ಬೆರಳಲ್ಲಿ ಹಿಡಿದು ಎತ್ತುತ್ತಿದ್ದಳು. "ಮನುಷ್ಯರಲ್ಲ ಕಣ್ರೋ ನೀವು, ನಡೆದಾಡೋ ಕೊಚ್ಚೆಗುಂಡಿಗಳು" ಎಂದು ಬೈದು, ಸೋಪುನೀರು ಹಾಕಿ ಫ್ರಿಜ್ ತೊಳೆಯುತ್ತಿದ್ದಳು.

ಆ ದಿನ ಆಸ್ಪತ್ರೆಯ ಡೈರೆಕ್ಟರ್ ಕ್ವೇತ್ ಅವರ ತಂದೆಯ ತಿಥಿ. ಸಂಜೆಗೆ ಔತಣ. ಮಧ್ಯಾಹ್ನ ಊರಿಗೆ ಊರೇ ಊಟ ಮಾಡಿ ಕವುಚಿ ಮಲಗುವ ಹೊತ್ತಿನಲ್ಲಿ ದ್ವಾನಕ್ಕನೂ ಮನೆಗೆ ಹೋಗಿದ್ದಳು. ನಿದ್ದೆಯ ಹೊತ್ತು ಮುಗಿದೊಡನೆ ಲುವಾ ಎಂಬ ಹೆಂಗಸಿಗೆ ಡೈರೆಕ್ಟರೇ ಮಾಡಬೇಕಿದ್ದ ಆಪರೇಷನ್ ಇತ್ತು. ಗರ್ಭಕೋಶದ ಗೆಡ್ಡೆಯಿಂದ ತಿಂಗಳುಗಟ್ಟಲೆ ರಕ್ತ ಸೋರಿ ಅವಳು ಅಕ್ಕಿ ಹಪ್ಪಳದಂತೆ ಬಿಳುಚಿದ್ದಳು. ಅವಳಿಗೆಂದು ಬಂದಿದ್ದ ರಕ್ತದ ಚೀಲಗಳು ಫ್ರಿಜ್ಜಿನ ಕೆಳಹಲಗೆಯಲ್ಲಿದ್ದವು. ಬೇರೆ ರಕ್ತ ಇರಲಿಲ್ಲ.

ಹಿಂತಿರುಗಿದ ದ್ವಾನಕ್ಕನ ಮೂಗು ಅಂಗಳದಲ್ಲೇ ನಿಂತುಬಿಟ್ಟಿತು. ಮೀನಿನ ರಸ! ಓಡಿಬಂದು ನೋಡಿದರೆ ಫ್ರಿಜ್ಜಿನ ನೆತ್ತಿಗೆ ಒಂದು ದಿಂಬು, ಅದರ ಸುತ್ತ ಬಿಗಿದ ಟವೆಲ್ಲು. ಅರೆತೆರೆದ ಬಾಗಿಲಿಗೆ ಇಟ್ಟಿಗೆ ಒರಗಿಸಿದೆ. ಒಳಗೆ ಬೇಸಿನ್ನಿನ ಮೇಲೆ ಬೇಸಿನ್ನು, ತುಂಬ ಬಾತುಕೋಳಿಯ ಹಸಿ ರಕ್ತ. ಹೆಪ್ಪುಗಟ್ಟದಿರಲೆಂದು, ಉಪ್ಪಿನಲ್ಲಿ ಕೊಳೆಸಿ ತೆಗೆದ ಮೀನಿನ ರಸ ಬೆರೆಸಿದ್ದಾರೆ. ಸಂಜೆ ಅದಕ್ಕೆ ಸಾರು ಸೇರಿಸಿ, ಕೊಚ್ಚಿದ ಮಾಂಸದ ಮೇಲೆ ಹೊಯ್ದು, ಮೊಸರಿನಂತೆ ಗಟ್ಟಿಯಾದ ಮೇಲೆ ಕಡಲೆಕಾಯಿ ಉದುರಿಸಿ ತಿನ್ನುತ್ತಾರೆ. ದಿಂಬು ಕಿತ್ತಳು. ಫ್ರಿಜ್ ಕಿರುಚಿತು. ಕೆಂಪಂಕಿ ಹದಿನೇಳು.

ಕಾವಲುಗಾರ ಕಣ್ಣುಜ್ಜುತ್ತ ಬಂದ. "ಮೆಲ್ಲಗೆ ಅಕ್ಕಾ! ಆಗ್ಲಿಂದ ಹೀಗೇ ಬಡ್ಕೋತಿತ್ತು, ಒಬ್ರಿಗೂ ನಿದ್ದೆ ಇಲ್ಲ. ಅದಕ್ಕೇ ದಿಂಬು ಕಟ್ಟಿದೆ. ನಂದೇ ದಿಂಬು."

"ಅದು ಬಡ್ಕೊಳ್ಳೋದೇ ನಿಮ್ಮನ್ನ ಎಬ್ಬಿಸೋಕೆ ಕಣೋ, ಹೆಣವೇ!"

"ಮಲಗೋ ಹೊತ್ತಲ್ಲಿ ಎಬ್ಬಿಸಿದ್ರೆ ಹೆಂಗೆ? ಕೀಲಿ ಡೈರೆಕ್ಟ್ರೇ ಕೊಟ್ಟು ಕಳಿಸಿದ್ರು. ರಕ್ತದ ಪೆಟ್ಟಿಗೆ, ರಕ್ತ ಇಟ್ಟವ್ರೆ. ಅದ್ರಲ್ಲಿ ತಪ್ಪೇನೈತೆ?"

ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಡೈರೆಕ್ಟರೂ ಬಂದರು. ಲುವಾಳ ಚೀಲವೊಂದನ್ನು ಕೈಯಲ್ಲಿ ತೂಗಿ, "ಒಂಚೂರು ಬೆಚ್ಚಗಾಗಿದೆ, ಅಷ್ಟೇ ಅಲ್ವಾ ಅಕ್ಕಾ? ಮೈಯೊಳಗೆ ಹೋದ್ಮೇಲೆ ಹೆಂಗೂ ಬೆಚ್ಚಗಾಗೋದೇ" ಎಂದರು.

ದ್ವಾನಕ್ಕ ಮೂಗು ಸೊಟ್ಟ ಮಾಡಿದಳು. ಈ ಸಲ ಮೀನಿನ ರಸಕ್ಕಲ್ಲ. "ಸರಿ ಡೈರೆಕ್ಟ್ರೇ. ಮೊದಲು ನಿಮಗೇ ಹಾಕ್ತೀನಿ. ತೋಳು ಚಾಚಿ."

ಡೈರೆಕ್ಟರ ಕೈ ಮೊಲದಂತೆ ಜೇಬಿನ ಬಿಲ ಹೊಕ್ಕಿತು.

ಅವಳು ಕತ್ತರಿ ತೆಗೆದುಕೊಂಡು ಚೀಲಗಳನ್ನೆಲ್ಲ ಬ್ಲೀಚಿಂಗ್ ನೀರಿನ ಬಕೆಟ್ಟಿಗೆ ಕತ್ತರಿಸಿಬಿಟ್ಟಳು, ಇನ್ನು ಯಾರ ಮೈಗೂ ಹೋಗದಂತೆ. ಆಮೇಲೆ ಬೇಸಿನ್ನುಗಳನ್ನು ಎತ್ತಿ ಚರಂಡಿಗೆ ಸುರಿಯತೊಡಗಿದಳು.

"ಅಯ್ಯೋ, ಅದು ನಮ್ಮಪ್ಪನ ಎಡೆಗೆ!"

"ನಿಮ್ಮಪ್ಪ ತೀರ್ಕೊಂಡು ಎಷ್ಟು ಕಾಲವಾಯ್ತು, ಇನ್ನೊಂದು ಹೊತ್ತು ಹಸಿವು ತಡೀತಾರೆ. ಲುವಾ ತಡೆಯಲ್ಲ."

ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ನಿಂತ. ತಲೆಯಿಂದ ಪಾದದವರೆಗೂ ಪುಕ್ಕ. ಇನ್ನೊಂಚೂರು ಅಂಟಿದ್ದರೆ ಹಾರಿಯೇ ಹೋಗುತ್ತಿದ್ದ. ಕೈಯಲ್ಲಿ ಇನ್ನೊಂದು ಬೇಸಿನ್ನು. ಲುವಾಳ ಗಂಡ, ಬಾತು ಸಾಕುವ ಖುಯೆನ್.

"ಅಕ್ಕಾ, ಇದೊಂದು ಉಳಿದಿತ್ತು. ಎಲ್ಲಿಡ್ಲಿ?" ಎಂದ, ಹಲ್ಲೆಲ್ಲ ಬಿಟ್ಟು.

"ಇದೆಲ್ಲ ಇಟ್ಟಿದ್ದು ನೀನಾ?"

"ನಾನೇ! ಬೇಡ ಬೇಡ ಅಂದ್ರೂ ಇಡೀ ಮಂದೇನೇ ಕೊಯ್ದುಕೊಟ್ಟೆ. ಡೈರೆಕ್ಟ್ರು ಖುಷಿಯಾಗಿದ್ರೆ ಕತ್ತಿ ನೆಟ್ಟಗೆ ಆಡ್ತದೆ, ಅಲ್ವಾ? ಬೇಸಿನ್ನು ಅಡ್ಡಬಂದು ಬಾಗಿಲು ಮುಚ್ಚೋಕಾಗ್ಲಿಲ್ಲ. ಬುದ್ಧಿ ಉಪಯೋಗಿಸಿ ಇಟ್ಟಿಗೆ ಒರಗಿಸಿದೆ."

ದ್ವಾನಕ್ಕ ಬಕೆಟ್ಟಿನತ್ತ ಬೆರಳು ತೋರಿಸಿದಳು. ತೇಲುತ್ತಿದ್ದ ಚೀಲದ ಮೇಲೆ ಹೆಂಡತಿಯ ಹೆಸರನ್ನು ಅವನು ತುಟಿ ಅಲ್ಲಾಡಿಸುತ್ತ ಓದಿದ. ಬೇಸಿನ್ನು ಕೈಜಾರಿತು. ನೆಲವೆಲ್ಲ ಕೆಂಪು. ಅವನು ಅದರ ನಡುವೆಯೇ ಕುಕ್ಕರಿಸಿ ಕುಳಿತ.

ಪ್ರಾಂತ್ಯದ ರಕ್ತಕೇಂದ್ರಕ್ಕೆ ಫೋನು ಹೋಯಿತು. ಅಲ್ಲಿಂದ ಹೊರಟ ಮೋಟಾರುಬೈಕಿನವನಿಗೆ ದಾರಿಯುದ್ದಕ್ಕೂ ರೈತರು ಒಣಹಾಕಿದ್ದ ಹುಲ್ಲೇ ಅಡ್ಡಿ. ಇತ್ತ ರಕ್ತ ತಲೆಯತ್ತ ಇಳಿಯಲೆಂದು ಲುವಾಳ ಮಂಚವನ್ನು ಪಾದದ ಕಡೆ ಇಟ್ಟಿಗೆ ಕೊಟ್ಟು ಎತ್ತರಿಸಿದ್ದರು. ಅವಳ ಉಗುರುಗಳೂ ಬಿಳುಚುತ್ತಿದ್ದವು. ಖುಯೆನ್ ಅಂಗಿಯ ತೋಳು ಮಡಿಸಿಕೊಂಡು ಬಂದ.

"ನಂದೆಲ್ಲ ಹಿಂಡ್ಕೊಳ್ಳಿ ಅಕ್ಕಾ. ಒಂದು ಹನೀನೂ ಬಿಡಬೇಡಿ."

ದ್ವಾನಕ್ಕ ಮೂಗು ಮುಚ್ಚಿಕೊಂಡಳು. ಅವನು ಔತಣದ ಅಡಿಗೆಯವರ ಜೊತೆ ಅಕ್ಕಿಹೆಂಡ ಏರಿಸಿದ್ದ. "ನಿನ್ನ ರಕ್ತ ಹಾಕಿದ್ರೆ ಆಪರೇಷನ್ ಟೇಬಲ್ ಮೇಲೇ ಎದ್ದು ಹಾಡ್ತಾಳೆ. ಹೋಗಾಚೆ."

ಅವನ ಮೇಲೆ ಹೇಸಿಗೆಪಡಲು ನೋಡಿದಳು, ಪೂರ್ತಿ ಬರಲಿಲ್ಲ. ಉಳಿದದ್ದೆಲ್ಲ ಡೈರೆಕ್ಟರ ಪಾಲಿಗೆ ಹೋಯಿತು.

ಕತ್ತಲಾಗುವ ಮೊದಲು ರಕ್ತ ಬಂತು. ಕ್ವೇತ್ ಆಪರೇಷನ್ ಮಾಡಿದರು. ಅವರ ಬೆರಳುಗಳು ನೇಯ್ಗೆಯವಳ ಬೆರಳಿನಂತೆ ಓಡಿದವು, ಎಲ್ಲೂ ತಡವರಿಸಲಿಲ್ಲ. ಹೊಸ ಚೀಲ ನೇತುಹಾಕುತ್ತ ನಿಂತಿದ್ದ ದ್ವಾನಕ್ಕನಿಗೆ ಅದು ಎಲ್ಲಕ್ಕಿಂತ ಅಸಹ್ಯವೆನಿಸಿತು. ಇಷ್ಟು ಒಳ್ಳೆಯ ಕೈ, ಇಷ್ಟು ಕೊಳಕು ಬುದ್ಧಿ. ಎರಡೂ ಒಂದೇ ಅಂಗಿಯೊಳಗೆ! ಹೊಲಿಗೆ ಮುಗಿಸಿ ಕೈತೊಳೆದವರು, "ಹೊರಗೆ ಹೇಳ್ಬೇಡಿ ಅಕ್ಕಾ" ಎಂದು ಪಿಸುಗುಟ್ಟಿ ಔತಣಕ್ಕೆ ಓಡಿದರು.

ಮರುದಿನ ಬೆಳಿಗ್ಗೆ ಲುವಾ ಕಣ್ಣುಬಿಟ್ಟಳು. ಗಂಡ ತಲೆಬಗ್ಗಿಸಿ ಎಲ್ಲವನ್ನೂ ತಾನೇ ಒಪ್ಪಿಸಿದ.

"ನನ್ನ ರಕ್ತದ ಪಕ್ಕ ಬಾತಿನ ರಕ್ತ ಇಟ್ಟ್ಯಾ?" ಎಂದಳು ಲುವಾ. ಧ್ವನಿ ಎಳೆಯಷ್ಟು ಸಣ್ಣ, ಮುಳ್ಳಿನಷ್ಟು ಚೂಪು. "ಮಾಂಸ?"

"ಮಾಂಸ... ಅವರ ಮನೇಲಿ ಎಲ್ಲ ತಿಂದ್ರು."

"ನಾನು ಸಾಯ್ತಿದ್ದೆ, ಅವರು ಮೂಳೆ ಚೀಪ್ತಿದ್ರು! ಅಯ್ಯೋ ನನ್ನ ದಡ್ಡ ಬಾತೇ, ಹೋಗು. ಅವರ ಮನೆ ಬಾಗಿಲಲ್ಲಿ ನಿಂತ್ಕೊಂಡು, ನಮ್ಮ ಬಾತುಗಳನ್ನ ವಾಪಸ್ ಕೊಡಿ ಅನ್ನು. ಬೀದಿ ಜನಕ್ಕೆಲ್ಲ ಕೇಳಿಸೋ ಹಾಗೆ."

"ಒಬ್ಬನೇ ಹೆಂಗೆ ಹೋಗ್ಲಿ? ದೊಡ್ಡೋರು..."

ಪಕ್ಕದಲ್ಲೇ ನಿಂತಿದ್ದ ದ್ವಾನಕ್ಕ ಕೈಗವಸು ಕಳಚಿ ಎಸೆದು, ಅವನನ್ನು ಅಂಗಳಕ್ಕೆ ಎಳೆದುಕೊಂಡು ಹೋಗಿ, ಗೋಡೆಗೆ ಒರಗಿಸಿದ್ದ ಸೈಕಲ್ಲನ್ನು ತಿರುಗಿಸಿದಳು.

"ಹಿಂದೆ ಕೂತ್ಕೊಳೋ. ಮೊದಲು ಆ ಪುಕ್ಕ ಕೊಡವು. ಥೂ!"