ಹನ್ನೊಂದು ಗಂಟೆಯ ಪಲ್ಯ

ಮಾನ್ಯ ಓದುಗರೇ,

ಕಚೇರಿಗೆ ರಜೆಯಿದ್ದ ಕಳೆದ ಸೋಮವಾರ ಬೆಳಿಗ್ಗೆ ನಮ್ಮ ಬೆಟಗೇರಿಯ ಮನೆಯಲ್ಲಿ ಅಡುಗೆಮನೆಯಿಂದ ಪುಂಡಿಪಲ್ಯದ ಹುಳಿ ವಾಸನೆಯೂ, ಪಡಸಾಲೆಯ ರೇಡಿಯೋದಿಂದ ಒಂದು ಹೊಸ ಧ್ವನಿಯೂ ಏಕಕಾಲಕ್ಕೆ ನನ್ನನ್ನು ತಲುಪಿದವು. "ನಿಮ್ಮ ಅನಿಸಿಕೆಯನ್ನ ಮೂವತ್ತು ಸೆಕೆಂಡಿನೊಳಗ ವಾಯ್ಸ್ ಮೆಸೇಜ್ ಮಾಡಿ ಕಳಸ್ರಿ" ಎಂದಿತು ಆ ಧ್ವನಿ. ಆ ವಾಸನೆಗೂ ಈ ಧ್ವನಿಗೂ ಇರುವ ಸಂಬಂಧವನ್ನು ತಮ್ಮ ಅವಗಾಹನೆಗೆ ತರುವುದು ಈ ಬರಹದ ಉದ್ದೇಶವಾಗಿರುತ್ತದೆ. ಕಚೇರಿ ಪತ್ರಗಳ ಹೊರತು ಬೇರೇನನ್ನೂ ಬರೆದು ಅಭ್ಯಾಸವಿಲ್ಲದ ಕಾರಣ, ಲೋಪದೋಷಗಳಿದ್ದಲ್ಲಿ ಮನ್ನಿಸಬೇಕಾಗಿ ಕೋರುತ್ತೇನೆ.

ನಮ್ಮ ಭಾಗದ ಈ ಸಣ್ಣ ಬಾನುಲಿ ಕೇಂದ್ರದಲ್ಲಿ ಕೆಲವು ವರ್ಷಗಳ ಹಿಂದೆ ಶಾಂತಕ್ಕ ಎಂಬವರು ಪ್ರತಿದಿನ ಹನ್ನೊಂದು ಗಂಟೆಗೆ ಕೇಳುಗರೊಂದಿಗೆ ಫೋನಿನಲ್ಲಿ ಮಾತನಾಡುತ್ತಿದ್ದರು. ಅಂದಿನ ವಿಷಯ ಬಿತ್ತನೆಯಿರಲಿ, ಕೆಮ್ಮು ನೆಗಡಿಯಿರಲಿ, ಅವರ ಮೊದಲ ಎರಡು ಮಾತುಗಳು ಬದಲಾಗುತ್ತಿರಲಿಲ್ಲ. "ಮೊದಲ ನಿಮ್ಮ ರೇಡಿಯೋ ಸಣ್ಣ ಮಾಡ್ರಿ" ಎಂಬುದು ಒಂದು. ಕರೆ ಮಾಡಿದವರ ಪಕ್ಕದಲ್ಲೇ ರೇಡಿಯೋ ಕೂಗುತ್ತಿದ್ದರೆ ಇಬ್ಬರ ಮಾತೂ ಕೆಡುತ್ತದೆ. "ಇವತ್ತ ಏನ್ ಪಲ್ಯ?" ಎಂಬುದು ಇನ್ನೊಂದು. ಇದಕ್ಕೆ ಉತ್ತರ ಕೊಡದವರಿಗೆ ಮುಂದಿನ ಮಾತಿಗೆ ಪ್ರವೇಶವಿರಲಿಲ್ಲ.

"ಬದ್ನಿಕಾಯಿರೀ ಅಕ್ಕಾರ" ಎನ್ನುತ್ತಿದ್ದರು ಲಕ್ಷ್ಮೇಶ್ವರದ ಬಳೆ ವ್ಯಾಪಾರಿ ದಾದಾಪೀರ.

"ನಿನ್ನೇನೂ ಬದ್ನಿಕಾಯಿನ ಅಂದಿದ್ರಲ್ಲಾ?"

"ಅದ ಉಳದಿತ್ರೀ. ನಮ್ಮ ಮನಿಯಾಕಿ ಭಾಳ ಜ್ವಾಕಿ ಅದಾಳ."

ಡೋಣಿ ಎಂಬ ಹಳ್ಳಿಯ ಹಿರಿಯರೊಬ್ಬರು, ಗುಡ್ಡ ಅಡ್ಡ ಬಂದು ಧ್ವನಿ ಸಿಗುವುದಿಲ್ಲವೆಂದು, ರೇಡಿಯೋ ಸಮೇತ ಮಾಳಿಗೆ ಏರುತ್ತಿದ್ದರು. ಪಲ್ಯ ಯಾವುದೆಂದು ಕೇಳಿದರೆ "ತಡೀರಿ, ಕೆಳಗ ಕೇಳಿ ಹೇಳ್ತೀನಿ" ಎಂದು ಇಳಿದುಹೋಗುತ್ತಿದ್ದರು. ಅವರು ಮರಳಿ ಏರುವವರೆಗೆ ಮೂರು ತಾಲೂಕುಗಳು ಕಾಯುತ್ತಿದ್ದವು.

ಗದಗಿನ ನಮ್ಮ ಕಚೇರಿಯೆದುರಿನ ಚಹಾದಂಗಡಿಯಲ್ಲಿ ಹತ್ತು ನಿಮಿಷ ಮಾತ್ರ ಇದನ್ನು ಕೇಳುತ್ತಿದ್ದ ನನಗೆ ಆ ಕಾಯುವಿಕೆ ಸಹ್ಯವಾಗಲಿಲ್ಲ. ಮಕ್ಕಳ ಜ್ವರದ ಬಗ್ಗೆ ವೈದ್ಯರು ಬಂದಿದ್ದ ದಿನವೂ ಹೀರೇಕಾಯಿಯ ಮಾತೇ ಮುಂದುವರಿದಾಗ, ಸೀದಾ ಮೇಜಿಗೆ ಬಂದು ಪತ್ರ ಬರೆದೆ. "ಪಲ್ಯ ಕುರಿತ ಸಂಭಾಷಣೆಯಿಂದ ಅಮೂಲ್ಯ ಪ್ರಸಾರ ಸಮಯವು ಅಪವ್ಯಯವಾಗುತ್ತಿರುವುದು ಕಂಡುಬಂದಿದ್ದು, ಸೂಕ್ತ ಕ್ರಮ ಜರುಗಿಸಲು ಕೋರಿದೆ." ಕೆಳಗೆ ಹೆಸರು ಹಾಕಲಿಲ್ಲ, 'ಒಬ್ಬ ಕೇಳುಗ' ಎಂದಷ್ಟೇ ಬರೆದೆ. ಹೆಸರಿಗೆ ಅಂಜಿದವನು ಕಚೇರಿ ಪ್ರತಿಯನ್ನು ಮಾತ್ರ ಮರೆಯದೆ ತೆಗೆದಿಟ್ಟುಕೊಂಡೆ. ಅಭ್ಯಾಸಬಲ.

ಆ ತಿಂಗಳು ಮುಗಿಯುವುದರೊಳಗೆ ಶಾಂತಕ್ಕನ ಕಾರ್ಯಕ್ರಮ ನಿಂತಿತು. ನನ್ನ ಪತ್ರವೊಂದೇ ಕಾರಣವೋ, ಇತರ ಕಾರಣಗಳೂ ಇದ್ದವೋ ನನಗೆ ತಿಳಿದುಬಂದಿರುವುದಿಲ್ಲ. ಅವರ ಜಾಗಕ್ಕೆ ಬಂದ ತರುಣನೊಬ್ಬ ರಸಪ್ರಶ್ನೆ ಕೇಳುತ್ತಿದ್ದ. ಉತ್ತರ ತಪ್ಪಿದರೆ ಗಂಟೆ ಬಾರಿಸುತ್ತಿದ್ದ. ಆಮೇಲೆ ಬಂದವರು ಹಾಡು ಹಾಕಿ, ಮೆಚ್ಚಿದವರ ಹೆಸರು ಓದುತ್ತಿದ್ದರು. ಎಲ್ಲವೂ ಸಮಯಕ್ಕೆ ಸರಿಯಾಗಿ ಮುಗಿಯುತ್ತಿತ್ತು. ನಾನು ತೃಪ್ತನಾಗಿದ್ದೆ.

ಹೀಗಿರುವಾಗ ಒಂದು ಭಾನುವಾರ ಸಂಜೆ, ಹತ್ತಿ ಸೀರೆಯುಟ್ಟ ನಡುವಯಸ್ಸಿನ ಹೆಂಗಸೊಬ್ಬರು ನಮ್ಮ ಬಾಗಿಲಿಗೆ ಬಂದು "ಕೊರ್ಲಹಳ್ಳಿ ಗಂಗವ್ವಾರು ಅದಾರೇನ್ರಿ?" ಎಂದು ಕೇಳಿದರು. ಧ್ವನಿ ಎಲ್ಲಿಯೋ ಕೇಳಿದಂತಿತ್ತು.

"ಆ ಹೆಸರಿನವರು ಈ ವಿಳಾಸದಲ್ಲಿ ಇರುವುದಿಲ್ಲ" ಎಂದೆ.

"ಅದೀನಿ, ಬಾರವಾ ಶಾಂತಾ!" ಎಂದು ಒಳಗಿನಿಂದ ಕೂಗಿದವಳು ನನ್ನ ಅವ್ವ.

ನನ್ನ ಅವ್ವನ ಹೆಸರು ಪಾರ್ವತೆವ್ವ. ರೇಷನ್ ಕಾರ್ಡಿನಿಂದ ಮತದಾರರ ಪಟ್ಟಿಯವರೆಗೆ ಅದೇ ದಾಖಲಾಗಿದೆ. ಆದರೆ ಅದು ಮದುವೆಯ ದಿನ ಅತ್ತೆಮನೆಯವರು ಇಟ್ಟ ಹೆಸರು. ಅದಕ್ಕೆ ಮೊದಲು, ಹೊಳೆದಂಡೆಯ ಕೊರ್ಲಹಳ್ಳಿಯಲ್ಲಿ, ಅವಳು ಗಂಗವ್ವನಾಗಿದ್ದಳು. ಹಾಗೆ ಕರೆಯುತ್ತಿದ್ದವರು ಒಬ್ಬೊಬ್ಬರಾಗಿ ತೀರಿಕೊಂಡಿದ್ದರು. ನಾನು ಕಚೇರಿಗೂ ನನ್ನ ಹೆಂಡತಿ ಶಾಲೆಗೂ ಹೋದ ಮೇಲೆ, ಹನ್ನೊಂದರ ಕಾರ್ಯಕ್ರಮದ ಕೊನೆಗೆ, ನಾನು ಚಹಾದಂಗಡಿಯಿಂದ ಎದ್ದ ಮೇಲೆ, ಅವ್ವ ಫೋನ್ ಮಾಡಿ ತನ್ನ ಹಳೆಯ ಹೆಸರು ಹೇಳಿ, ಅಂದಿನ ಪಲ್ಯ ಹೇಳುತ್ತಿದ್ದಳು. ನಮ್ಮ ಡಬ್ಬಿಗಳಲ್ಲಿ ಹೋಗುತ್ತಿದ್ದುದೂ ಅದೇ ಪಲ್ಯ. ನಾನು ಒಂದು ದಿನವೂ ಅದರ ಬಗ್ಗೆ ಕೇಳಿದವನಲ್ಲ.

"ಗಂಗವ್ವಾ ಅಂತ ನಾ ಒಬ್ಬಾಕಿನ ಕರೀತಿದ್ನಂತ್ರೀ. ಕಾರ್ಯಕ್ರಮ ಹೋತು, ಕರಿಯೂದು ಯಾಕ ಬಿಡ್ಲಿ ಅಂತ, ಫೋನಿನ್ಯಾಗ ಹೇಳಿದ್ದ ಮನಿ ಹುಡುಕ್ಕೊಂಡ ಬಂದೆ" ಎಂದು ಶಾಂತಕ್ಕ ನನ್ನ ಕಡೆ ನೋಡಿ ನಕ್ಕರು. "ಯಾರೋ ಶಾಣ್ಯಾರು ಅರ್ಜಿ ಬರದಿದ್ರು. ಕಡೀ ದಿನ ಅದನ್ನ ರೇಡಿಯೋದಾಗ ನಾನ ಓದಿದೆ."

"ಕೇಳೀನೇಳು" ಎಂದಳು ಅವ್ವ. "'ಸೂಕ್ತ ಕ್ರಮ ಜರುಗಿಸಲು ಕೋರಿದೆ' ಅಂತ ಇತ್ತು. ಬರದಾವ ಆವತ್ತ ಹಸದಿದ್ದ ಕಾಣ್ತೈತಿ." ಹಾಗೆಂದು ನನ್ನತ್ತ ತಿರುಗಿ, "ನಿಂತೀಯಲ್ಲೋ, ಚಾ ಮಾಡ್ಕೊಂಡ್ ಬಾ" ಎಂದಳು.

ಒಲೆಯ ಮುಂದೆ ನಿಂತಾಗ ನನಗೆ ಮನವರಿಕೆಯಾಯಿತು. ಹಾಲಿನವನಿಗೂ ಅದೇ ಭಾಷೆಯಲ್ಲಿ ಚೀಟಿ ಬರೆದಿಡುವ ಮಗನ ಶೈಲಿಯನ್ನು ಅವ್ವ ಮೊದಲ ಸಾಲಿನಲ್ಲೇ ಗುರುತಿಸಿದ್ದಳು. ಅವಳು ಅದನ್ನು ಶಾಂತಕ್ಕನಿಗೆ ಹೇಳಲಿಲ್ಲ. ನನಗೂ ಹೇಳಲಿಲ್ಲ. ನಾನೂ ಕೇಳಲಿಲ್ಲ; ಹೀಗೆ ಆ ವಿಷಯವು ವರ್ಷಗಟ್ಟಲೆ ಬಾಕಿ ಉಳಿಯಿತು.

ಕಳೆದ ಸೋಮವಾರ ಆ ಹೊಸ ಧ್ವನಿ ಮೂವತ್ತು ಸೆಕೆಂಡು ಎಂದಾಗ, ಇಷ್ಟು ಬೇಗ ಯಾರು ತಾನೆ ಏನನ್ನು ಹೇಳಿಯಾರು ಎನಿಸಿತು. ಮರುಕ್ಷಣವೇ, ಈ ಆತುರವನ್ನು ಲಿಖಿತವಾಗಿ ಕೋರಿದವನು ನಾನೇ ಎಂಬುದು ನೆನಪಾಯಿತು. ಟ್ರಂಕಿನಿಂದ ಕಚೇರಿ ಪ್ರತಿ ತೆಗೆದೆ. 'ಸದರಿ ಪತ್ರವನ್ನು ಹಿಂಪಡೆಯಲಾಗಿದೆ' ಎಂದು ಅದರ ಅಂಚಿನಲ್ಲಿ ಬರೆದು, ಓದಿ ಹೇಳಬೇಕೆಂದು ಅಡುಗೆಮನೆಗೆ ಹೋದೆ. ಅವ್ವ ಬೆನ್ನು ಮಾಡಿ ಪಲ್ಯ ತಿರುವುತ್ತಿದ್ದಳು. ಪ್ರತಿಯನ್ನು ಮಡಚಿ ಜೇಬಿಗಿಟ್ಟೆ.

"ಗಂಗವ್ವಾರ," ಎಂದೆ, "ಇವತ್ತ ಏನ್ ಪಲ್ಯ?"

ಸೌಟು ನಿಂತಿತು. ಅವ್ವ ತಿರುಗಲಿಲ್ಲ.

"ಮೊದಲ ನಿಮ್ಮ ರೇಡಿಯೋ ಸಣ್ಣ ಮಾಡ್ರಿ" ಎಂದಳು. "ಆಮ್ಯಾಲ ಯಾರು, ಯಾವೂರು, ಹೆಸರು ಹೇಳ್ರಿ."

ಪಡಸಾಲೆಗೆ ಹೋಗಿ ರೇಡಿಯೋ ಪೂರ್ತಿ ಆರಿಸಿ ಬಂದೆ. ಆ ಪತ್ರದ ಕೆಳಗೆ ಬರೆಯದೆ ಬಿಟ್ಟಿದ್ದ ಹೆಸರನ್ನು, ಅಪ್ಪನ ಹೆಸರು ಮತ್ತು ಊರಿನ ಸಮೇತ, ಹೇಳಿದೆ.

"ಪುಂಡಿಪಲ್ಯರೀ" ಎಂದಳು ಅವ್ವ. "ಕುಂಡ್ರಿ, ಬಡಸ್ತೀನಿ."