ಒಂದೇ ಡಿಸ್ಕಿನಲ್ಲಿದ್ದ ಅಣ್ಣನ ದನಿ

ಬೀದಿಯವರೆಲ್ಲ ಅವಳನ್ನು ಕರೆಯುವುದು ಗಡಿಬಿಡಿ ಎಂದೇ. ಹುಟ್ಟಿದ್ದು ಸೂಲಗಿತ್ತಿ ಬರುವ ಮೊದಲೇ. ಮದುವೆಗೆ ಒಪ್ಪಿದ್ದು ಹುಡುಗ ಬಾಯಿ ತೆರೆಯುವ ಮುಂಚೆ. ತನ್ನ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲೂ ಅಷ್ಟೇ, ಗಿರಾಕಿ ತೊಂದರೆ ಹೇಳಿ ಮುಗಿಸುವಷ್ಟರಲ್ಲಿ ಪೆಟ್ಟಿಗೆಯ ಸ್ಕ್ರೂ ಬಿಚ್ಚಿಟ್ಟಿರುತ್ತಾಳೆ. ಅಂಥವಳು ಆ ಬೆಳಿಗ್ಗೆ ಎಂಟರ್ ಕೀಲಿಯ ಮೇಲೆ ಬೆರಳಿಟ್ಟು ಕಲ್ಲಿನಂತೆ ಕೂತಿದ್ದಳು.

ಎದುರಿಗಿದ್ದದ್ದು ಅಣ್ಣನ ಕಂಪ್ಯೂಟರು. ಅಣ್ಣ ತರಕಾರಿ ಮಂಡಿಯಲ್ಲಿ ಹರಾಜು ಕೂಗುತ್ತಿದ್ದವನು. ಗಂಟಲಿನ ಗಡ್ಡೆಯ ಜೊತೆ ದನಿಪೆಟ್ಟಿಗೆಯೂ ಹೋಗುತ್ತದೆಂದು ಡಾಕ್ಟರು ಹೇಳಿದಾಗ, ಆಪರೇಷನ್ನಿಗೆ ಮುಂಚೆ ದಿನಗಟ್ಟಲೆ ಕೂತು ಸಾವಿರಾರು ಮಾತು ರೆಕಾರ್ಡ್ ಮಾಡಿದ್ದ. ಈಗ ಅವನು ಟೈಪ್ ಮಾಡಿದರೆ ಲಿನಕ್ಸ್ ತಂತ್ರಾಂಶದ ಆ ಯಂತ್ರ ಅವನದೇ ದನಿಯಲ್ಲಿ ಮಾತಾಡುತ್ತದೆ. ಆ ದನಿ ಇದ್ದದ್ದು ಇದೊಂದೇ ಡಿಸ್ಕಿನಲ್ಲಿ. ಇನ್ನೊಂದು ಕಾಪಿ ಮಾಡಿಡುವುದಕ್ಕೆ ನಾಳೆ, ನಾಡಿದ್ದು ಎನ್ನುತ್ತ ವರ್ಷಗಳೇ ಉರುಳಿದ್ದವು. ನಿನ್ನೆಯಿಂದ ಡಿಸ್ಕು ಕಟಕಟ ಎನ್ನತೊಡಗಿತ್ತು.

ಕಾಪಿಗೆಂದು ತಂದ ಹೊಸ ಡಿಸ್ಕೂ ಅದೇ ಅಳತೆಯದು. ಎಲ್ಲಿಂದ, ಎಲ್ಲಿಗೆ ಎಂಬುದು ಅದಲುಬದಲಾದರೆ ಹೊಸದರ ಖಾಲಿತನವೇ ಅಣ್ಣನ ದನಿಯ ಮೇಲೆ ಕೂತು ಅದನ್ನು ಅಳಿಸಿಬಿಡುತ್ತದೆ. ಪೆನ್‌ಡ್ರೈವಿನಿಂದ ಯಂತ್ರ ಚಾಲೂ ಮಾಡಿದ್ದವಳು ಎರಡೂ ಡಿಸ್ಕುಗಳ ನಂಬರನ್ನು ಮತ್ತೆ ಮತ್ತೆ ತಾಳೆ ನೋಡಿದಳು. ಸಾಯುತ್ತಿರುವುದಕ್ಕೆ ಹೆಚ್ಚು ಕೆಲಸ ಕೊಡಬಾರದೆಂದು ಇಡೀ ಡಿಸ್ಕನ್ನು ಬಿಟ್ಟು, ಲಿನಕ್ಸೂ ದನಿಯೂ ಇದ್ದ ಭಾಗವನ್ನಷ್ಟೇ ಕಾಪಿ ಮಾಡಲು ಹೇಳಿ ಎಂಟರ್ ಒತ್ತಿದಳು.

ಕಾಪಿ ಮುಗಿಯಿತು. ಹಳೆಯದು ಕರಕರ ಎಂದು ಸುಮ್ಮನಾದದ್ದು ಮತ್ತೆ ಏಳಲಿಲ್ಲ. ಅದನ್ನು ಕಳಚಿ, ಹೊಸದರಿಂದ ಯಂತ್ರ ಚಾಲೂ ಮಾಡಿದಳು. ಕಪ್ಪು ಪರದೆ, ಅದರ ಮೇಲೆ ಒಂದೇ ಸಾಲು: ಬೂಟ್ ಆಗುವ ಡಿಸ್ಕ್ ಇಲ್ಲ.

ಅದಲುಬದಲು ಮಾಡಿಬಿಟ್ಟೆನಾ?

ಅಣ್ಣ ಬಂದು ಬಾಗಿಲಲ್ಲಿ ನಿಂತ. ಏನಾಯಿತೆಂದು ಗದ್ದ ಎತ್ತಿ ಕೇಳಿದ.

"ಸ್ವಲ್ಪ ಕೂತ್ಕೋ ಅಣ್ಣಾ, ಆಗತ್ತೆ," ಎಂದಳು. ಅವನತ್ತ ತಿರುಗಿ ನೋಡುವ ಧೈರ್ಯ ಬರಲಿಲ್ಲ.

ಪೆನ್‌ಡ್ರೈವ್ ಮತ್ತೆ ಚುಚ್ಚಿ ಹೊಸ ಡಿಸ್ಕನ್ನು ತೆರೆದಳು. ರೆಕಾರ್ಡಿಂಗುಗಳ ಹೆಸರು ಸಾಲಾಗಿ ಕಂಡವು. ಹೋದ ಜೀವ ಅರ್ಧ ಬಂತು. ಲಿನಕ್ಸನ್ನು ಎಬ್ಬಿಸುವ ಬೂಟ್‌ಲೋಡರಿನ ಮೊದಲ ತುಣುಕು ಇರುವುದು ಡಿಸ್ಕಿನ ಆರಂಭದಲ್ಲಿ, ಅವಳು ಕಾಪಿ ಮಾಡಿದ ಭಾಗದ ಹೊರಗೆ. ತಲೆಬಾಗಿಲನ್ನೇ ಬಿಟ್ಟು ಮನೆ ಸಾಗಿಸಿದ್ದಳು ಪುಣ್ಯಾತ್ಗಿತ್ತಿ! ತಲೆ ಚಚ್ಚಿಕೊಂಡು, ಡಿಸ್ಕಿನ ಹೆಸರನ್ನು ಅಕ್ಷರ ಅಕ್ಷರ ಓದಿ, ಬೂಟ್‌ಲೋಡರನ್ನು ಹೊಸದಾಗಿ ಹಾಕಿದಳು. ಹೆಸರುಗಳು ಕಂಡ ಮಾತ್ರಕ್ಕೆ ದನಿ ಉಳಿದಿದೆ ಎಂದಲ್ಲ. ಸಾಯುವಾಗ ಹಳೆಯದು ಏನೇನು ನುಂಗಿತ್ತೋ.

ಪೆನ್‌ಡ್ರೈವ್ ಕಿತ್ತು ಯಂತ್ರವನ್ನು ಮತ್ತೆ ಎಬ್ಬಿಸಿದಳು. ಪರದೆಯ ಮೇಲೆ ಸಾಲುಗಳು ಓಡಿ, ಲಿನಕ್ಸ್ ತೆರೆದುಕೊಂಡಿತು. ಅಣ್ಣ ಕೀಬೋರ್ಡನ್ನು ತನ್ನತ್ತ ಎಳೆದುಕೊಂಡು ಒಂದೊಂದೇ ಅಕ್ಷರ ಒತ್ತಿದ. ಯಂತ್ರ ಅವನ ದನಿಯಲ್ಲೇ ಕೂಗಿತು:

"ಹೆದರಿದ್ಯಾ? ನಂಗೂ ತುಂಬಾ ಭಯ ಆಗಿತ್ತು ಕಣೇ."

ಮಂಡಿಯಲ್ಲಿ ಹರಾಜು ಕೂಗುವ ಗಂಟಲಲ್ಲಿ ರೆಕಾರ್ಡಾದ ಮಾತುಗಳು ಅವು. ಮೆಲ್ಲಗೆ ಹೇಳಲು ಆ ಯಂತ್ರಕ್ಕೆ ಬಾರದು. ಯಾರೆದುರಿಗೂ ಹೆದರಿಕೆ ಒಪ್ಪಿಕೊಳ್ಳದ ಅಣ್ಣನ ಮಾತು ಬೀದಿಯ ಕೊನೆಯವರೆಗೂ ಕೇಳಿಸಿತು. ಬಾಗಿಲು ಹಾಕಲು ಇಬ್ಬರೂ ಏಳಲಿಲ್ಲ. ಅವಳು ಅವನ ತೋಳಿಗೆ ಹಣೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.