ಅಜ್ಜಿ ಕೊಟ್ಟ ಕಾಚಂಪುಳಿ

ಮೊನ್ನೆ ಮಧ್ಯಾಹ್ನ ಮೀನುಸಾರಿಗೆಂದು ಕಾಚಂಪುಳಿಯ ಬಾಟಲಿ ತೆರೆದೆ. ಹಣ್ಣಿನ ರಸವನ್ನು ಕಪ್ಪಾಗುವವರೆಗೆ ಕಾಯಿಸಿದ ಆ ಹುಳಿಯ ಘಾಟು ಮೂಗಿಗೆ ಬಡಿದದ್ದೇ ತಡ, ಗಾಳಿಬೀಡಿನ ಅಜ್ಜಿ ಎದುರು ಬಂದು ಕೂತಂತಾಯಿತು.

ನಾನು ಮನೆಮನೆಗೆ ಹೋಗಿ ವಯಸ್ಸಾದವರ ಶುಶ್ರೂಷೆ ಮಾಡುವ ನರ್ಸು. ಚಿಂತೆ ಮಾಡುವುದರಲ್ಲಿ ನನಗೆ ಸರಿಸಾಟಿಯಿಲ್ಲ, ಬಿಡಿ. ಸ್ಕೂಟರಿಗೆ ಬೀಗ ಹಾಕಿದೆನೇ ಎಂದು ಎರಡೆರಡು ಸಲ ಹೋಗಿ ನೋಡುವವಳು. ಅಜ್ಜಿಯ ಕಾಲಿನ ಹುಣ್ಣು, ಶುಗರು, ಬಚ್ಚಲಿನ ಜಾರುನೆಲ, ಒಂದನ್ನೂ ಬಿಡದೆ ಚಿಂತಿಸಿದ್ದೆ.

ಆ ಮನೆಯಲ್ಲಿ ಜನರಿಗೇನೂ ಕೊರತೆಯಿರಲಿಲ್ಲ. ಸೊಸೆಯಂತೂ ಕಾಫಿ ಕೊಯ್ಲಿನ ನಡುವೆ ತೋಟದಿಂದ ಓಡಿಬಂದು ಅತ್ತೆಯನ್ನು ಬಚ್ಚಲಿಗೆ ಕರೆದೊಯ್ಯುತ್ತಿದ್ದಳು. ಅವಳ ಏದುಸಿರನ್ನು ಅಜ್ಜಿ ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಿದ್ದರು.

"ಸಿಸ್ಟರೇ, ಪಿಕಿಂಗ್ ಯಾವಾಗ ಮುಗೀತದಂತೆ?" ಹೋದಾಗಲೆಲ್ಲ ಇದೇ ಪ್ರಶ್ನೆ.

"ಏನಜ್ಜಿ, ಲೆಕ್ಕ ಬರೆಯೋ ಎಸ್ಟೇಟ್ ರೈಟರಿಗಿಂತ ನಿಮ್ಮದೇ ಜೋರಾಯ್ತು!"

"ಹಾಗಲ್ಲ. ಕೆಲಸದ ಟೈಮಲ್ಲಿ ನನ್ನಿಂದ ಯಾರಿಗೂ ತೊಂದರೆ ಆಗ್ಬಾರ್ದು."

ಕೊಯ್ಲು ಮುಗಿಯುವ ವಾರ ಈ ಬಾಟಲಿ ಕೊಟ್ಟರು. ಅವರ ಅತ್ತೆ ಕಾಯಿಸಿಟ್ಟದ್ದಂತೆ. ಹಳೆಯ ಕಾಚಂಪುಳಿ ಕೇಳಿದರೆ ಚಮಚದಲ್ಲಿ ಅಳೆದು ಕೊಡುವ ಹೆಂಗಸರು ನಮ್ಮ ಕಡೆಯವರು.

"ಇಷ್ಟೂ ಯಾಕಜ್ಜಿ?"

"ಇಟ್ಕೋ. ನಂಗಿನ್ಯಾಕೆ?"

ಆಗಲೂ ನಾನು ಚಿಂತಿಸಿದ್ದು ಒಂದೇ, ಬ್ಯಾಗಿನಲ್ಲಿ ಚೆಲ್ಲೀತೇ ಎಂದು.

ಕಣದಿಂದ ಕೊನೆಯ ಮೂಟೆ ಒಳಗೆ ಬಂದ ಮರುದಿನ ಅಜ್ಜಿ ತಮ್ಮ ಜೀವ ತಾವೇ ಕಳೆದುಕೊಂಡರು.

"ಒಂದು ಮಾತು ಹೇಳ್ಬಹುದಿತ್ತಲ್ಲ ಸಿಸ್ಟರ್, ನಾವೆಲ್ಲ ಇಲ್ಲೇ ಇದ್ವಲ್ಲ," ಎಂದು ಸೊಸೆ ಅತ್ತಳು. ಹೇಳಿದ್ದರು. ನನಗೆ, ವಾರ ವಾರವೂ. ಅದನ್ನು ಅವಳಿಗೆ ತಿಳಿಸುವ ಧೈರ್ಯ ಇವತ್ತಿಗೂ ಬಂದಿಲ್ಲ.

ಅಷ್ಟಾದ ಮೇಲೆ ನಾನು ಪಾಠ ಕಲಿತಿರಬೇಕು ಅಂದುಕೊಂಡಿರಾ? ಮೊನ್ನೆ ಬೆಳಿಗ್ಗೆಯಷ್ಟೇ ಕೆಳಗಿನ ರಸ್ತೆಯ ಮೇಷ್ಟರಿಗೆ ಇಂಜೆಕ್ಷನ್ ಕೊಟ್ಟು ಬಂದಿದ್ದೆ. ಸದಾ ತಲೆದಿಂಬಿನ ಕೆಳಗಿರುತ್ತಿದ್ದ ಟಾರ್ಚನ್ನು ನನ್ನ ಕೈಗಿಟ್ಟು, "ನೀವೇ ಇಟ್ಕೊಳ್ಳಿ, ನಂಗಿನ್ನು ಬೇಡ," ಎಂದಿದ್ದರು. ಥ್ಯಾಂಕ್ಸ್ ಹೇಳಿ ಬ್ಯಾಗಿಗೆ ಹಾಕಿಕೊಂಡಿದ್ದೆ!

ಬಾಟಲಿ ಮುಚ್ಚಿದೆ. ಒಲೆ ಆರಿಸಿ ಸ್ಕೂಟರ್ ಹತ್ತಿದೆ.

"ಮತ್ತೇನು ಬಿಟ್ಟುಹೋದ್ರಿ ಸಿಸ್ಟರ್?" ಎಂದರು ಮೇಷ್ಟರು.

ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದ ನಯವಾದ ಮಾತುಗಳೆಲ್ಲ ಮರೆತುಹೋದವು. "ಮೇಷ್ಟ್ರೇ, ಸಾಯಬೇಕು ಅನ್ನಿಸ್ತಾ ಇದೆಯಾ ನಿಮಗೆ?"

ಅವರು ಕುರ್ಚಿಯತ್ತ ಕೈ ತೋರಿಸಿದರು.

"ಹೌದು. ಕೂತ್ಕೊಳ್ಳಿ."

ಸಂಜೆ ಅವರ ಮಗಳು ಕೆಲಸದಿಂದ ಬಂದು, ಮೂವರೂ ಮಾತಾಡಿ ಮುಗಿಸುವವರೆಗೆ ಕೂತಿದ್ದೆ. ಸ್ಕೂಟರಿಗೆ ಬೀಗ ಹಾಕಿದ್ದೆನೋ ಇಲ್ಲವೋ. ಎದ್ದು ನೋಡಲಿಲ್ಲ.